"ನೀನು ನಿನ್ನ ಪಾಡಿಗೆ ಓದ್ಕೋ": ತರಗತಿಯ ಗೇಲಿ ಮತ್ತು ಕಲಿಕೆಯ ಒಂದು ಚರಿತ್ರೆ

ಇವತ್ತು ಶುರು ಮಾಡೋಕೆ ಮುಂಚೆ ಒಂದು ಪ್ರಶ್ನೆ. ಕ್ಲಾಸಲ್ಲಿ ನಾಲ್ಕೈದು ಜನ ಸೇರ್ಕೊಂಡು ದಿನಾ ಒಬ್ಬರನ್ನೇ ಗುರಿ ಮಾಡಿ ಕಾಡ್ತಾರೆ ಅಂದ್ಕೊಳ್ಳಿ. ಅದಕ್ಕೆ ಕನ್ನಡದಲ್ಲಿ ಏನಂತೀವಿ?

ರೇಗಿಸೋದು, ಕಿಚಾಯಿಸೋದು, ಕಾಲೆಳೆಯೋದು, ಗೇಲಿ ಮಾಡೋದು, ಗೋಳು ಹೊಯ್ಕೊಳ್ಳೋದು. ಪದಗಳಿಗೇನೂ ಬರ ಇಲ್ಲ. ಆದ್ರೆ ಅಣ್ಣ ತಂಗಿಯ ಜಡೆ ಎಳೆದ್ರೂ ಅದು ರೇಗಿಸೋದೇ, ಒಂದು ಮಗು ಶಾಲೆಗೇ ಹೋಗಲ್ಲ ಅಂತ ಅಳೋ ಹಾಗೆ ತಿಂಗಳುಗಟ್ಟಲೆ ಕಾಡಿದ್ರೂ ಅದು ರೇಗಿಸೋದೇ. ಪೇಪರ್‌ನಲ್ಲಿ ಕಿರುಕುಳ, ಪೀಡನೆ ಅಂತ ಬರೀತಾರೆ ನಿಜ. ಆದ್ರೆ "ಅಮ್ಮಾ, ನನಗೆ ಇವತ್ತು ಪೀಡನೆ ಆಯ್ತು" ಅಂತ ಯಾವ ಮಗುವೂ ಮನೆಗೆ ಬಂದು ಹೇಳಲ್ಲ. "ರೇಗಿಸ್ತಾರಮ್ಮ" ಅನ್ನುತ್ತೆ. ಅದಕ್ಕೆ ಬರೋ ಉತ್ತರವೂ ನಮಗೆಲ್ಲ ಬಾಯಿಪಾಠ: "ಅವರೇನಾದ್ರೂ ಅಂದ್ಕೊಳ್ಳಲಿ ಬಿಡು, ನೀನು ನಿನ್ನ ಪಾಡಿಗೆ ಓದ್ಕೋ."

ಈ ಮಾತು ಹೇಳೋರಿಗೆ ಕೆಟ್ಟ ಉದ್ದೇಶ ಇರಲ್ಲ. ಆದ್ರೆ ಇದರೊಳಗೆ ಒಂದು ನಂಬಿಕೆ ಅಡಗಿದೆ. ಓದು ಒಂದು ಕಡೆ, ಕ್ಲಾಸಿನ ಗೇಲಿ ಇನ್ನೊಂದು ಕಡೆ. ಮನಸ್ಸು ಗಟ್ಟಿ ಇದ್ರೆ ಎರಡನ್ನೂ ಬೇರೆ ಬೇರೆ ಇಟ್ಕೋಬಹುದು ಅಂತ. ಈ ನಂಬಿಕೆ ತಪ್ಪು ಅಂತ ಜಗತ್ತಿಗೆ ಗೊತ್ತಾಗೋಕೆ ನೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಆ ಕಥೆಯೇ ಇವತ್ತಿನ ಎಪಿಸೋಡ್. ಕೊನೆಗೆ ಅದು ನಮ್ಮ ಜೇಬಿನಲ್ಲಿರೋ ಫೋನಿಗೇ ಬಂದು ನಿಲ್ಲುತ್ತೆ.

ಗಂಡಸರನ್ನು ತಯಾರು ಮಾಡುವ ಶಾಲೆ

ಮೊದಲು ಇಂಗ್ಲೆಂಡಿಗೆ ಹೋಗೋಣ. 1857ರಲ್ಲಿ ಥಾಮಸ್ ಹ್ಯೂಸ್ ಅನ್ನೋ ಲೇಖಕ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಅಂತ ಒಂದು ಕಾದಂಬರಿ ಬರೆದರು. ಅವರು ತಾವೇ ಓದಿದ ರಗ್ಬಿ ಶಾಲೆಯ ಕಥೆ ಅದು. ಅದರಲ್ಲಿ ಫ್ಲ್ಯಾಶ್‌ಮನ್ ಅಂತ ಒಬ್ಬ ದೊಡ್ಡ ಹುಡುಗ. ಚಿಕ್ಕವರನ್ನು ಕಂಬಳಿಯಲ್ಲಿ ಹಾಕಿ ಮೇಲಕ್ಕೆ ಎಸೆಯೋದು, ಉರಿಯೋ ಬೆಂಕಿಯ ಮುಂದೆ ಹಿಡಿದು ಬೇಯಿಸೋದು, ಇವೆಲ್ಲ ಅಲ್ಲಿ ನಡೆಯುತ್ತೆ.

ಆ ಕಾಲದ ಇಂಗ್ಲೆಂಡಿನ ದೊಡ್ಡ ವಸತಿ ಶಾಲೆಗಳಲ್ಲಿ 'ಫ್ಯಾಗಿಂಗ್' ಅನ್ನೋ ಪದ್ಧತಿ ಇತ್ತು. ಕೆಳಗಿನ ತರಗತಿಯ ಹುಡುಗರು ಮೇಲಿನ ತರಗತಿಯವರ ಚಾಕರಿ ಮಾಡಬೇಕು. ರೂಮು ಗುಡಿಸಬೇಕು, ತಿಂಡಿ ಕಾಯಿಸಿ ಕೊಡಬೇಕು, ಕೂಗಿದ ತಕ್ಷಣ ಓಡಿ ಬರಬೇಕು. ಇದನ್ನ ಯಾರೂ ಮುಚ್ಚುಮರೆಯಲ್ಲಿ ಮಾಡ್ತಿರಲಿಲ್ಲ, ಶಾಲೆಯ ವ್ಯವಸ್ಥೆಯ ಭಾಗವೇ ಆಗಿತ್ತು. ಇವತ್ತು ತಿನ್ನೋ ಪೆಟ್ಟು ನಾಳೆ ಗಂಡಸನ್ನಾಗಿ ಮಾಡುತ್ತೆ ಅನ್ನೋ ನಂಬಿಕೆ. ದೊಡ್ಡವರ ಕೈಗೆ ಚಿಕ್ಕವರ ಶಿಸ್ತನ್ನ ಒಪ್ಪಿಸೋ ಈ ಪ್ರಿಫೆಕ್ಟ್ ಪದ್ಧತಿಯ ಒಂದು ರೂಪ ಬ್ರಿಟಿಷರ ಜೊತೆ ಭಾರತದ ವಸತಿ ಶಾಲೆಗಳಿಗೂ ಬಂತು.

ಕಾದಂಬರಿಯಲ್ಲಿ ಫ್ಲ್ಯಾಶ್‌ಮನ್‌ನನ್ನು ಕೊನೆಗೆ ಶಾಲೆಯಿಂದ ಹೊರಗೆ ಹಾಕ್ತಾರೆ. ಯಾಕೆ ಗೊತ್ತಾ? ಕುಡಿದು ಸಿಕ್ಕಿಬಿದ್ದ ಅಂತ. ಚಿಕ್ಕ ಹುಡುಗರನ್ನು ಬೆಂಕಿಗೆ ಹಿಡಿದದ್ದಕ್ಕಲ್ಲ. ಆ ಕಾಲ ಯಾವುದನ್ನ ಅಪರಾಧ ಅಂತ ನೋಡ್ತಿತ್ತು, ಯಾವುದನ್ನ ಹುಡುಗಾಟ ಅಂತ ಬಿಡ್ತಿತ್ತು ಅನ್ನೋದು ಇದೊಂದರಲ್ಲೇ ಗೊತ್ತಾಗುತ್ತೆ.

ಕಾಗೆಗಳಿಂದ ಬಂದ ಪದ

ಅಲ್ಲಿಂದ ನೂರು ವರ್ಷ ಮುಂದೆ, ಸ್ವೀಡನ್‌ಗೆ ಬನ್ನಿ. ಪೀಟರ್ ಪಾಲ್ ಹೈನೆಮನ್ ಅಂತ ಒಬ್ಬ ವೈದ್ಯರು. ಅವರು ದತ್ತು ತಗೊಂಡ ಮಗ ಕಪ್ಪು ಬಣ್ಣದವನು. ಆ ಹುಡುಗನನ್ನ ಬೇರೆ ಮಕ್ಕಳು ಗುಂಪುಕಟ್ಟಿ ಕಾಡೋದನ್ನ ಅವರು ಕಣ್ಣಾರೆ ಕಂಡರು. 1969ರಲ್ಲಿ ಅದರ ಬಗ್ಗೆ ಒಂದು ಲೇಖನ ಬರೆದರು. 1972ರಲ್ಲಿ ಅದೇ ವಿಷಯದ ಮೇಲೆ ಪುಸ್ತಕ ಬಂತು. ಹೆಸರು 'ಮೊಬ್ನಿಂಗ್'.

ಆ ಪದ ಅವರಿಗೆ ಸಿಕ್ಕಿದ್ದು ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡ್ತಿದ್ದ ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ ಅವರ ಬರಹದಿಂದ. ಹಗಲು ಹೊತ್ತು ಗೂಬೆ ಹೊರಗೆ ಕಾಣಿಸಿಕೊಂಡ್ರೆ ಕಾಗೆಗಳೆಲ್ಲ ಸೇರಿ ಹೇಗೆ ಅಟ್ಟಿಸಿಕೊಂಡು ಹೋಗ್ತಾವೆ, ನೋಡಿದೀರಲ್ವಾ? ಒಂದೊಂದೇ ಕಾಗೆಗೆ ಗೂಬೆಯನ್ನ ಎದುರಿಸೋ ಧೈರ್ಯ ಇಲ್ಲ. ಹತ್ತು ಸೇರಿದ್ರೆ ಆ ಗದ್ದಲವೇ ಬೇರೆ. ಅಂಥ ಗುಂಪು ದಾಳಿಗೆ ಇದ್ದ ಪದವನ್ನ ಹೈನೆಮನ್ ಶಾಲೆಯ ಅಂಗಳಕ್ಕೆ ತಂದರು.

ಒಂದು ಹೆಸರು ಬಂದದ್ದರಿಂದ ಏನಾಯ್ತು? ಅಲ್ಲಿವರೆಗೂ "ಮಕ್ಕಳು ಅಂದ್ರೆ ಹಾಗೇನೇ" ಅಂತಿದ್ದ ಸ್ವೀಡನ್ನಿನ ಜನ ಅದರ ಬಗ್ಗೆ ವಾದ ಮಾಡೋಕೆ ಶುರು ಮಾಡಿದರು. ಪೇಪರ್‌ಗಳು ಬರೆದವು, ಅಪ್ಪ ಅಮ್ಮಂದಿರು ಕೇಳಿದರು. ಜ್ವರಕ್ಕೆ ಒಂದು ಹೆಸರು ಸಿಕ್ಕಿದ ಮೇಲೇ ತಾನೇ ಎಷ್ಟು ಜನಕ್ಕೆ ಆ ಜ್ವರ ಬಂದಿದೆ ಅಂತ ಎಣಿಸೋಕೆ ಆಗೋದು? ಹಾಗೆ ಎಣಿಸೋಕೆ ಹೊರಟವರು ಡಾನ್ ಓಲ್ವೆಯಸ್.

ಲೆಕ್ಕ ಹಾಕಿದವರು

ಓಲ್ವೆಯಸ್ ಸ್ವೀಡನ್‌ನಲ್ಲಿ ಹುಟ್ಟಿ, ಆಮೇಲೆ ನಾರ್ವೆಯ ಬರ್ಗೆನ್ ನಗರದಲ್ಲಿ ಪ್ರೊಫೆಸರ್ ಆದವರು. ಅವರಿಗೆ ಹೈನೆಮನ್ ಅವರ ಪದ ಪೂರ್ತಿ ಒಪ್ಪಿಗೆಯಾಗಲಿಲ್ಲ. ಯಾವಾಗ್ಲೂ ಗುಂಪೇ ಬೇಕಾಗಿಲ್ಲ, ಒಬ್ಬನೇ ಒಬ್ಬನನ್ನ ವರ್ಷಗಟ್ಟಲೆ ಕಾಡಬಹುದು ಅಂದರು. ಅವರು ಗುರುತಿಸಿದ ಲಕ್ಷಣ ಮೂರು: ನೋಯಿಸಬೇಕು ಅಂತಲೇ ಮಾಡೋದು, ಮತ್ತೆ ಮತ್ತೆ ಮಾಡೋದು, ಮತ್ತು ಎದುರಿಗಿರುವವರು ತಿರುಗಿ ನಿಲ್ಲೋ ಸ್ಥಿತಿಯಲ್ಲಿ ಇಲ್ಲದಿರೋದು. ಗೆಳೆಯರು ಕಾಲೆಳೆಯೋದಕ್ಕೂ ಬುಲ್ಲಿಯಿಂಗ್‌ಗೂ ಗೆರೆ ಎಳೆಯೋಕೆ ಜಗತ್ತು ಇವತ್ತಿಗೂ ಹೆಚ್ಚುಕಡಿಮೆ ಇದೇ ಅಳತೆಗೋಲು ಬಳಸುತ್ತೆ.

1982ರ ಕೊನೆಯಲ್ಲಿ ನಾರ್ವೆಯನ್ನ ಒಂದು ಸುದ್ದಿ ಅಲುಗಾಡಿಸಿತು. ದೇಶದ ಉತ್ತರ ಭಾಗದಲ್ಲಿ 10ರಿಂದ 14 ವರ್ಷದೊಳಗಿನ ಮೂವರು ಹುಡುಗರು ತಮ್ಮ ಜೀವ ತಾವೇ ಕಳೆದುಕೊಂಡಿದ್ದರು. ಸಹಪಾಠಿಗಳ ಕಾಟವೇ ಕಾರಣ ಇರಬೇಕು ಅನ್ನೋದು ವರದಿ. ಮರುವರ್ಷ, 1983ರಲ್ಲಿ, ಅಲ್ಲಿನ ಶಿಕ್ಷಣ ಇಲಾಖೆ ಇಡೀ ದೇಶದ ಶಾಲೆಗಳಲ್ಲಿ ಅಭಿಯಾನ ಶುರು ಮಾಡಿತು. ಸುಮಾರು 1,30,000 ಮಕ್ಕಳ ಉತ್ತರಗಳನ್ನ ಓಲ್ವೆಯಸ್ ವಿಶ್ಲೇಷಣೆ ಮಾಡಿದರು. ಬಂದ ಲೆಕ್ಕ: ಸುಮಾರು 15% ಮಕ್ಕಳು, ಅಂದ್ರೆ ಏಳರಲ್ಲಿ ಒಬ್ಬರು, ಒಂದೋ ಕಾಡುವವರು ಇಲ್ಲವೇ ಕಾಡಿಸಿಕೊಳ್ಳುವವರು.

ಲೆಕ್ಕ ಹಾಕಿದ್ದರಿಂದ ಹಳೆಯ ನಂಬಿಕೆಗಳು ಒಂದೊಂದಾಗಿ ಬಿದ್ದವು. ದೊಡ್ಡ ಕ್ಲಾಸು, ದೊಡ್ಡ ಶಾಲೆಗಳಲ್ಲೇ ಇದು ಜಾಸ್ತಿ ಅಂತಿದ್ದರು. ಹಾಗೇನೂ ಕಾಣಲಿಲ್ಲ. ಮಾರ್ಕ್ಸ್ ಕಡಿಮೆ ಬಂದ ಹೊಟ್ಟೆಯುರಿಗೆ ಹೀಗೆ ಮಾಡ್ತಾರೆ ಅಂತಿದ್ದರು. ಅದಕ್ಕೂ ಸಾಕ್ಷಿ ಸಿಗಲಿಲ್ಲ. ಒಳಗೊಳಗೆ ಅಂಜುಬುರುಕರೇ ಹೊರಗೆ ಜೋರು ಮಾಡ್ತಾರೆ ಅನ್ನೋದೂ ಓಲ್ವೆಯಸ್ ಅವರ ಅಧ್ಯಯನದಲ್ಲಿ ನಿಲ್ಲಲಿಲ್ಲ. ನಿಜವಾಗಿ ವ್ಯತ್ಯಾಸ ಮಾಡಿದ ಒಂದು ಸಂಗತಿ ಬಹಳ ಸಾದಾ: ಆಟದ ಬಿಡುವಿನಲ್ಲಿ ಅಂಗಳದಲ್ಲಿ ಎಷ್ಟು ಮೇಷ್ಟ್ರು ಓಡಾಡ್ತಿದ್ದಾರೆ ಅನ್ನೋದು.

ಬರ್ಗೆನ್‌ನ 42 ಶಾಲೆಗಳ ಸುಮಾರು 2,500 ಮಕ್ಕಳನ್ನ ಅವರು ಎರಡೂವರೆ ವರ್ಷ ಗಮನಿಸಿದರು. ಅಲ್ಲಿ ಮಾಡಿದ್ದು ಮಂತ್ರ ಮಾಯ ಏನೂ ಅಲ್ಲ. ಕ್ಲಾಸಿಗೆ ಸ್ಪಷ್ಟ ನಿಯಮ, ಬಿಡುವಿನ ಹೊತ್ತು ದೊಡ್ಡವರ ಕಣ್ಣು, ವಾರ ವಾರ ಕ್ಲಾಸಲ್ಲೇ ಕೂತು ಮಾತುಕತೆ, ಕಾಟ ಕೊಟ್ಟವರ ಜೊತೆ ನೇರ ಮಾತು, ಪೋಷಕರನ್ನ ಕರೆಸೋದು. ಎರಡು ವರ್ಷದಲ್ಲಿ ಕಾಟ ಅರ್ಧದಷ್ಟು ಇಳಿಯಿತು. ಇನ್ನೊಂದು ಬದಲಾವಣೆಯನ್ನೂ ಅವರು ದಾಖಲಿಸಿದರು. ನನ್ನ ಪ್ರಕಾರ ನಾವು ಇವತ್ತು ಮಾತಾಡಬೇಕಾದ್ದು ಅದನ್ನೇ. ಆ ಶಾಲೆಗಳಲ್ಲಿ ಓದಿನ ಬಗ್ಗೆ ಮಕ್ಕಳ ಮನೋಭಾವವೂ ಸುಧಾರಿಸಿತ್ತು. ಯಾರೂ ಪಾಠದ ವಿಧಾನ ಬದಲಾಯಿಸಿರಲಿಲ್ಲ, ಟ್ಯೂಷನ್ ಕೊಡಿಸಿರಲಿಲ್ಲ. ಭಯ ಕಡಿಮೆ ಮಾಡಿದ್ದರು ಅಷ್ಟೆ.

ಭಯ ಕಲಿಸುವ ಪಾಠ

ಭಯಕ್ಕೂ ಓದಿಗೂ ಏನು ಸಂಬಂಧ? ಪುಸ್ತಕ ಬಿಚ್ಚಿದ್ರೆ ಅಕ್ಷರ ಅಲ್ಲೇ ಇರುತ್ತಲ್ವಾ? ಇದನ್ನ ನನ್ನ ಅನುಭವದಿಂದಲೇ ಹೇಳ್ತೀನಿ.

ನನ್ನದು ಮಂಡ್ಯ ಕಡೆಯ ಹಳ್ಳಿ. ಎಂಟನೇ ಕ್ಲಾಸಿಗೆ ಪೇಟೆಯ ಶಾಲೆಗೆ ಸೇರಿದೆ. ನಮ್ಮ ಕಡೆ ಮಾತಲ್ಲಿ ಹಕಾರ ಬಿಟ್ಟುಹೋಗುತ್ತೆ, ನಿಮಗೂ ಗೊತ್ತಿರಬಹುದು. ಹಸು ಅಸು ಆಗುತ್ತೆ, ಹಾಲು ಆಲು ಆಗುತ್ತೆ. ಕನ್ನಡ ಪೀರಿಯಡ್‌ನಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಿದೆ, ಕ್ಲಾಸೆಲ್ಲ ಗೊಳ್ ಅಂತ ನಕ್ಕಿತು. ಮಾರನೇ ದಿನದಿಂದ ನನ್ನ ಹೆಸರು 'ಆಲೂಗಡ್ಡೆ'.

ಆಮೇಲೆ ನಾನೊಂದು ಹೊಸ ಅಭ್ಯಾಸ ಬೆಳೆಸಿಕೊಂಡೆ. ಸಾಲಾಗಿ ಒಬ್ಬೊಬ್ಬರು ಒಂದೊಂದು ಪ್ಯಾರಾ ಓದುವಾಗ, ನನ್ನ ಸರದಿಗೆ ಯಾವ ಪ್ಯಾರಾ ಬರುತ್ತೆ ಅಂತ ಮೊದಲೇ ಎಣಿಸಿಕೊಳ್ಳೋದು. ಅದರಲ್ಲಿ ಎಷ್ಟು 'ಹ' ಇದೆ ಅಂತ ಹುಡುಕೋದು, ಮನಸ್ಸಲ್ಲೇ ನಾಲ್ಕು ಸಲ ಓದಿಕೊಳ್ಳೋದು. ಆ ಹೊತ್ತಿಗೆ ಪಾಠ ಎಲ್ಲಿಗೋ ಹೋಗಿರುತ್ತಿತ್ತು, ಅದರಲ್ಲಿ ಒಂದು ಅಕ್ಷರವೂ ನನ್ನ ಕಿವಿಗೆ ಬಿದ್ದಿರುತ್ತಿರಲಿಲ್ಲ. ಗಣಿತದಲ್ಲಿ ಅರ್ಥ ಆಗದಿದ್ರೂ ಕೈ ಎತ್ತುತ್ತಿರಲಿಲ್ಲ. ಕೈ ಎತ್ತಿದ್ರೆ ಮಾತಾಡಬೇಕಲ್ಲ! ನನ್ನ ಪಾಡಿಗೆ ನಾನು ಓದ್ಕೋತಿದ್ದೆ, ಮನೆಯವರು ಹೇಳಿದ ಹಾಗೇ. ಆದ್ರೆ ಕಲಿಕೆ ಅನ್ನೋದು ಒಬ್ಬರ ಪಾಡಿಗೆ ನಡೆಯೋ ಕೆಲಸವೇ ಅಲ್ಲ. ತಪ್ಪು ಉತ್ತರ ಹೇಳೋ ಧೈರ್ಯ ಇರಬೇಕು, ಗೊತ್ತಿಲ್ಲದ್ದನ್ನ ಕೇಳಬೇಕು, ಪಕ್ಕದವರ ನೋಟ್ಸ್ ತಗೋಬೇಕು, ಬೋರ್ಡ್ ಹತ್ರ ಹೋಗಿ ಎಲ್ಲರೆದುರು ಲೆಕ್ಕ ಮಾಡಬೇಕು. ಇವೆಲ್ಲ ನಾಲ್ಕು ಜನರ ಎದುರಲ್ಲೇ ಆಗೋ ಕೆಲಸಗಳು. ಗೇಲಿ ಬಂದು ಬಡಿಯೋದು ನೇರವಾಗಿ ಇವುಗಳಿಗೇ.

ಇನ್ನು ಚೆನ್ನಾಗಿ ಓದೋರ ಪಾಡು ಬೇರೆ ಥರ. 'ಕುಡುಮಿ' ಅನ್ನೋ ಪದ ಕೇಳಿದೀರಲ್ಲ? ಕುಡುಮಿ ಅನ್ನಿಸಿಕೊಳ್ಳಬಾರದು ಅಂತ ಉತ್ತರ ಗೊತ್ತಿದ್ರೂ ಸುಮ್ಮನೆ ಕೂತವರು ಪ್ರತಿ ಕ್ಲಾಸಲ್ಲೂ ಇರ್ತಾರೆ.

ಇದು ಬರೀ ನನ್ನ ಕಥೆ ಆಗಿದ್ರೆ ಪಾಡ್‌ಕಾಸ್ಟ್‌ನಲ್ಲಿ ಹೇಳ್ತಿರಲಿಲ್ಲ. 1996ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಕೊಚೆಂಡರ್ಫರ್ ಮತ್ತು ಲ್ಯಾಡ್, ಒಂದು ಪ್ರಶ್ನೆ ಕೇಳಿಕೊಂಡರು. ಶಾಲೆ ಇಷ್ಟವಿಲ್ಲದ ಮಗುವನ್ನ ಉಳಿದವರು ಕಾಡ್ತಾರಾ, ಅಥವಾ ಕಾಡೋದ್ರಿಂದ ಮಗುವಿಗೆ ಶಾಲೆ ಬೇಡವಾಗುತ್ತಾ? ಅವರು 200 ಶಿಶುವಿಹಾರದ ಮಕ್ಕಳನ್ನ ವರ್ಷದ ಶುರುವಲ್ಲಿ ಒಮ್ಮೆ, ಕೊನೆಗೆ ಇನ್ನೊಮ್ಮೆ ಮಾತಾಡಿಸಿದರು. ಕಾಟ ಮೊದಲು ಬರುತ್ತೆ, ಶಾಲೆ ಬೇಡ ಅನ್ನಿಸೋದು ಆಮೇಲೆ ಅಂತ ಕಂಡಿತು. ಐದಾರು ವರ್ಷದ ಮಕ್ಕಳಲ್ಲೇ! ಮುಂದೆ ಲಾಸ್ ಏಂಜಲೀಸ್‌ನ 11 ಶಾಲೆಗಳಲ್ಲಿ 2,300 ಮಕ್ಕಳನ್ನ ಆರನೇ ಕ್ಲಾಸಿನಿಂದ ಎಂಟರವರೆಗೆ ಹಿಂಬಾಲಿಸಿದ ಅಧ್ಯಯನವೂ, ಹೆಚ್ಚು ಕಾಟಕ್ಕೆ ಸಿಕ್ಕ ಮಕ್ಕಳ ಗ್ರೇಡ್ ಕಡಿಮೆ ಇರೋದನ್ನ ತೋರಿಸಿತು. 2019ರಲ್ಲಿ ಯುನೆಸ್ಕೊ 144 ದೇಶಗಳ ಮಾಹಿತಿ ಸೇರಿಸಿ ಒಂದು ವರದಿ ತಂತು. ಜಗತ್ತಿನ ಮೂರರಲ್ಲಿ ಹತ್ತಿರ ಹತ್ತಿರ ಒಂದು ಮಗು ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದ್ರೂ ಕಾಟ ಅನುಭವಿಸಿತ್ತು. ಪದೇಪದೇ ಕಾಟಕ್ಕೆ ಸಿಗೋ ಮಕ್ಕಳು ಶಾಲೆ ತಪ್ಪಿಸೋ ಸಾಧ್ಯತೆ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು.

ನಗುವವರು ಯಾರು?

ಇಲ್ಲಿವರೆಗೂ ಎಲ್ಲರ ಕಣ್ಣು ಇಬ್ಬರ ಮೇಲಿತ್ತು. ಹೊಡೆಯೋನು, ಹೊಡೆಸಿಕೊಳ್ಳೋನು. 1996ರಲ್ಲೇ ಫಿನ್ಲೆಂಡ್‌ನಲ್ಲಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಅವರ ಜೊತೆಗಾರರು ಕ್ಯಾಮೆರಾ ತಿರುಗಿಸಿದ ಹಾಗೆ ಉಳಿದ ಕ್ಲಾಸಿನ ಕಡೆ ನೋಡಿದರು. ಆರನೇ ತರಗತಿಯ 573 ಮಕ್ಕಳನ್ನ ಅಧ್ಯಯನ ಮಾಡಿ, ಒಂದು ಕಾಟದಲ್ಲಿ ಇಡೀ ಕ್ಲಾಸಿಗೇ ಪಾತ್ರ ಇರುತ್ತೆ ಅಂತ ತೋರಿಸಿದರು. ಕೈ ಜೋಡಿಸೋ ಶಿಷ್ಯರು, ನಕ್ಕು ಹುರಿದುಂಬಿಸೋರು, ನನಗ್ಯಾಕೆ ಅಂತ ದೂರ ನಿಲ್ಲೋರು, ನೊಂದವರ ಪರ ನಿಲ್ಲೋರು. ಯೋಚನೆ ಮಾಡಿ, ಯಾರೂ ನಗದೇ ಇದ್ರೆ ಅಡ್ಡಹೆಸರು ಒಂದು ವಾರವೂ ಬದುಕಲ್ಲ.

ಕೆನಡಾದ ಟೊರಾಂಟೊದಲ್ಲಿ ಡೆಬ್ರಾ ಪೆಪ್ಲರ್, ವೆಂಡಿ ಕ್ರೇಗ್ ಮತ್ತು ಅವರ ತಂಡ ಶಾಲಾ ಮೈದಾನದಲ್ಲಿ ಕ್ಯಾಮೆರಾ ಮೈಕು ಇಟ್ಟು ರೆಕಾರ್ಡ್ ಮಾಡಿತು. 2001ರಲ್ಲಿ ಪ್ರಕಟವಾದ ಅವರ ಲೆಕ್ಕ ನನಗೆ ಮರೆಯೋಕೆ ಆಗಲ್ಲ. ಕಾಟ ನಡೆದ 88% ಸಂದರ್ಭಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಅವರಲ್ಲಿ ಯಾರಾದ್ರೂ ಮಧ್ಯೆ ಬಂದಿದ್ದು 19% ಸಂದರ್ಭಗಳಲ್ಲಿ ಮಾತ್ರ. ಆದ್ರೆ ಹಾಗೆ ಮಧ್ಯೆ ಬಂದಾಗ, ಅರ್ಧಕ್ಕಿಂತ ಹೆಚ್ಚು ಸಲ, ಅಂದ್ರೆ 57% ಸಲ, ಹತ್ತು ಸೆಕೆಂಡಿನೊಳಗೆ ಕಾಟ ನಿಂತುಹೋಗಿತ್ತು.

ಹತ್ತು ಸೆಕೆಂಡ್! ನನ್ನ ವಿಷಯದಲ್ಲೂ ನಿಂತಿದ್ದು ಹೆಚ್ಚುಕಡಿಮೆ ಹಾಗೇ. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಿರುಗಿ "ಸಾಕು ಸುಮ್ನಿರ್ರೋ, ಓದೋಕೆ ಬಿಡಿ" ಅಂದಳು. ಅಷ್ಟೇ ಮಾತು. ಅಡ್ಡಹೆಸರು ಪೂರ್ತಿ ಹೋಗಲಿಲ್ಲ, ಆದ್ರೆ ಕ್ಲಾಸಲ್ಲಿ ಗೊಳ್ ಅನ್ನೋ ಆ ನಗು ಮತ್ತೆ ಬರಲಿಲ್ಲ.

ಫಿನ್ಲೆಂಡ್ ಇದನ್ನೇ ಪಠ್ಯ ಮಾಡಿತು. ತುರ್ಕು ವಿಶ್ವವಿದ್ಯಾಲಯ 2006ರಿಂದ ಸರ್ಕಾರದ ದುಡ್ಡಿನಲ್ಲಿ 'ಕಿವಾ' ಅನ್ನೋ ಕಾರ್ಯಕ್ರಮ ರೂಪಿಸಿತು. ಫಿನ್ನಿಶ್‌ನಲ್ಲಿ ಕಿವಾ ಅಂದ್ರೆ 'ಚೆಂದ', 'ಒಳ್ಳೇದು' ಅಂತ. ನೋಡ್ತಾ ನಿಲ್ಲೋ ಮಕ್ಕಳಿಗೆ ಏನು ಮಾಡಬಹುದು ಅಂತ ಪಾಠ, ಚರ್ಚೆ, ಕಂಪ್ಯೂಟರ್ ಗೇಮ್ ಮೂಲಕ ಅಭ್ಯಾಸ ಮಾಡಿಸೋದು ಅದರ ಜೀವಾಳ. 234 ಶಾಲೆಗಳ 30,000ಕ್ಕೂ ಹೆಚ್ಚು ಮಕ್ಕಳಲ್ಲಿ ಪರೀಕ್ಷೆ ಮಾಡಿ, 2009ರಿಂದ ದೇಶದ ತುಂಬ ಹರಡಿದರು. ಕಾಟ ಕಡಿಮೆಯಾಯ್ತು, ಜೊತೆಗೆ ಶಾಲೆಯ ಮೇಲಿನ ಇಷ್ಟ, ಓದುವ ಹುಮ್ಮಸ್ಸು ಕೂಡ ಏರಿದ್ದನ್ನ ಸಂಶೋಧಕರು ಗುರುತಿಸಿದರು. ಚಿಕ್ಕ ಮಕ್ಕಳಲ್ಲಿ ಪರಿಣಾಮ ಚೆನ್ನಾಗಿತ್ತು, ಹೈಸ್ಕೂಲ್ ವಯಸ್ಸಿನವರಲ್ಲಿ ಅಷ್ಟಾಗಿ ಆಗಲಿಲ್ಲ ಅನ್ನೋದನ್ನೂ ಅವರೇ ಹೇಳಿದ್ದಾರೆ.

ಮನೆಯೊಳಗೆ ಬಂದ ಅಂಗಳ

ಇಷ್ಟೆಲ್ಲ ನಡೀತಿರುವಾಗಲೇ ಆಟದ ಮೈದಾನ ಬದಲಾಗ್ತಿತ್ತು. 2002ರಲ್ಲಿ ಕೆನಡಾದ ಕ್ವಿಬೆಕ್‌ನ ಒಬ್ಬ ಹದಿಹರೆಯದ ಹುಡುಗ ತನ್ನ ಶಾಲೆಯ ಸ್ಟುಡಿಯೋದಲ್ಲಿ, ಸ್ಟಾರ್ ವಾರ್ಸ್ ಸಿನಿಮಾದ ಥರ ಕೋಲು ತಿರುಗಿಸ್ತಾ ಒಂದು ವಿಡಿಯೋ ಮಾಡಿಕೊಂಡ. ಯಾರಿಗೂ ತೋರಿಸೋಕೆ ಮಾಡಿದ್ದಲ್ಲ. 2003ರಲ್ಲಿ ಆ ಟೇಪು ಸಹಪಾಠಿಗಳ ಕೈಗೆ ಸಿಕ್ಕಿ ಇಂಟರ್ನೆಟ್‌ಗೆ ಹೋಯ್ತು. ಆಗಿನ್ನೂ ಯೂಟ್ಯೂಬ್ ಹುಟ್ಟಿರಲಿಲ್ಲ. ಆದ್ರೂ ಕೋಟ್ಯಂತರ ಜನ ನೋಡಿದರು, ನಕ್ಕರು. ಆ ಹುಡುಗ ಶಾಲೆ ಬಿಡಬೇಕಾಯ್ತು. ವರ್ಷಗಳ ನಂತರ ಕಾನೂನು ಓದಿ, ತನಗಾದದ್ದರ ಬಗ್ಗೆ ತಾನೇ ಬಾಯಿಬಿಟ್ಟು ಮಾತಾಡಿದ ಅನ್ನೋದು ಸಮಾಧಾನ.

ರಗ್ಬಿಯ ಹುಡುಗನಿಗೆ ರಜೆ ಇತ್ತು. ಬರ್ಗೆನ್‌ನ ಹುಡುಗನಿಗೆ ಮನೆಗೆ ಹೋಗೋ ಬೆಲ್ ಇತ್ತು. ನನಗೂ ಸಂಜೆ ನಾಲ್ಕೂವರೆಗೆ ಆಲೂಗಡ್ಡೆ ಅನ್ನೋ ಹೆಸರು ಶಾಲೆಯ ಗೇಟಲ್ಲೇ ಉಳೀತಿತ್ತು. ಇವತ್ತಿನ ಮಗುವಿಗೆ ಆ ಬೆಲ್ ಇಲ್ಲ.

2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ಕ್ಲಾಸೇ ಫೋನಿನೊಳಗೆ ಬಂತು. ಶಾಲೆ ಮತ್ತೆ ತೆರೆದ ಮೇಲೂ ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪ್ ಎಷ್ಟೋ ಕಡೆ ಹಾಗೇ ಉಳಿದಿದೆ. ಹೋಮ್‌ವರ್ಕ್ ಬರೋದು ಅಲ್ಲೇ, ನೋಟ್ಸ್ ಫೋಟೋ ಬರೋದು ಅಲ್ಲೇ. ಮೇಷ್ಟ್ರು ಇಲ್ಲದ ಇನ್ನೊಂದು ಗ್ರೂಪಲ್ಲಿ ಒಬ್ಬರ ಮುಖದ ಸ್ಟಿಕ್ಕರ್ ಮಾಡಿ ಎಲ್ಲರೂ ನಗೋದೂ ಅದೇ ಫೋನಲ್ಲಿ. ಕಾಟ ತಾಳಲಾರದೆ ಫೋನ್ ಪಕ್ಕಕ್ಕಿಟ್ರೆ ನಾಳೆಯ ಟೆಸ್ಟ್ ಯಾವ ಪಾಠದ್ದು ಅನ್ನೋದೂ ತಪ್ಪಿಹೋಗುತ್ತೆ. ಅಪ್ಪ ಅಮ್ಮನಿಗೆ ಹೇಳೋಣ ಅಂದ್ರೆ, ಫೋನೇ ಕಿತ್ತಿಟ್ಟುಬಿಡ್ತಾರೆ ಅನ್ನೋ ಭಯ. ಹಾಗಾಗಿ ಪುಸ್ತಕ ತೆರೆದಿರುತ್ತೆ, ಕಣ್ಣು ಸ್ಕ್ರೀನ್ ಮೇಲಿರುತ್ತೆ, ಮುಂದಿನ ಮೆಸೇಜ್ ಏನು ಬರುತ್ತೋ ಅಂತ ಕಾಯ್ತಾ. ನಾನು ಪ್ಯಾರಾ ಎಣಿಸ್ತಿದ್ದೆನಲ್ಲ, ಹಾಗೇ.

ಜಪಾನ್ ಈ ವಿಷಯವನ್ನ ಕಾನೂನಿನಲ್ಲೇ ಬರೆಯಿತು. 2011ರಲ್ಲಿ ಓತ್ಸು ನಗರದ ಒಬ್ಬ ವಿದ್ಯಾರ್ಥಿ ತೀರಿಕೊಂಡ ಮೇಲೆ ದೇಶವೇ ಸಿಟ್ಟಿಗೆದ್ದು, 2013ರಲ್ಲಿ ಬುಲ್ಲಿಯಿಂಗ್ ತಡೆಗೆ ಕಾಯ್ದೆ ಬಂತು. ಇಂಟರ್ನೆಟ್ ಮೂಲಕ ಮಾಡೋ ಕಾಟವೂ ಅದರ ವ್ಯಾಖ್ಯಾನದೊಳಗಿದೆ. ಕಾಟದಿಂದಾಗಿ ಒಂದು ಮಗು ಗಣನೀಯ ಅವಧಿ ಶಾಲೆಗೆ ಬರಲಾಗದಿದ್ರೆ ಅದನ್ನ ಆ ಕಾಯ್ದೆ 'ಗಂಭೀರ ಪ್ರಕರಣ' ಅನ್ನುತ್ತೆ, ತನಿಖೆ ಆಗಲೇಬೇಕು. ಅಂದ್ರೆ ಮೈಮೇಲೆ ಗಾಯ ಕಾಣಲೇಬೇಕು ಅಂತಿಲ್ಲ, ಖಾಲಿ ಬೆಂಚು ಸಾಕು.

ನಮ್ಮ ಕಥೆ ಎಲ್ಲಿಗೆ ಬಂದಿದೆ?

ನಮ್ಮ ದೇಶದಲ್ಲಿ ಈ ಕಥೆಗೆ ಇನ್ನೊಂದು ಬೇರು ಇದೆ, ಅದು ಜಾತಿ. ಡಾ. ಬಿ.ಆರ್. ಅಂಬೇಡ್ಕರ್ ತಮ್ಮ 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಬಾಲ್ಯದ ಶಾಲೆಯ ನೆನಪು ಬರೆದಿದ್ದಾರೆ. ಕೂರೋಕೆ ಮನೆಯಿಂದಲೇ ಗೋಣಿತಾಟು ತರಬೇಕಿತ್ತು. ಬಾಯಾರಿದ್ರೆ ನಲ್ಲಿ ಮುಟ್ಟೋ ಹಾಗಿರಲಿಲ್ಲ, ಜವಾನ ಬಂದು ನಲ್ಲಿ ತಿರುಗಿಸಬೇಕಿತ್ತು. ಜವಾನ ಇಲ್ಲದ ದಿನ ನೀರಿಲ್ಲ. ಅಲ್ಲಿ ಕಾಟ ಕೊಡ್ತಿದ್ದದ್ದು ಒಬ್ಬ ಪುಂಡ ಹುಡುಗನಲ್ಲ, ಇಡೀ ಶಾಲೆಯ ನಡವಳಿಕೆಯೇ ಹಾಗಿತ್ತು. ಇವತ್ತೂ ಕ್ಲಾಸಲ್ಲಿ ಯಾರ ಮಾತಿನ ಧಾಟಿಗೆ, ಯಾರ ಮೈಬಣ್ಣಕ್ಕೆ, ಯಾರ ಡಬ್ಬಿಯ ಊಟಕ್ಕೆ, ಯಾರ ಮನೆತನದ ಹೆಸರಿಗೆ ನಗ್ತಾರೆ ಅಂತ ನೋಡಿ. ಆ ನಗು ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ.

ಕಾನೂನು ಇಲ್ವಾ? ಇದೆ. ಆದ್ರೆ ನಮ್ಮ ಗಮನ ಬಹುಕಾಲ ಕಾಲೇಜಿನ ರ‍್ಯಾಗಿಂಗ್ ಮೇಲೇ ಇತ್ತು. 1997ರಲ್ಲಿ ತಮಿಳುನಾಡಿನ ಕಾಯ್ದೆ, 2001ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು, 2009ರಲ್ಲಿ ಯುಜಿಸಿ ನಿಯಮಗಳು. ಕರ್ನಾಟಕ ಶಿಕ್ಷಣ ಕಾಯ್ದೆಯೂ ರ‍್ಯಾಗಿಂಗ್ ನಿಷೇಧಿಸುತ್ತೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯೋದನ್ನ, ಮಾನಸಿಕ ಹಿಂಸೆ ಕೊಡೋದನ್ನ ನಿಷೇಧಿಸುತ್ತೆ. 2015ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಬುಲ್ಲಿಯಿಂಗ್ ತಡೆ ಸಮಿತಿಗಳಿರಬೇಕು ಅಂತ ಸುತ್ತೋಲೆ ಹೊರಡಿಸಿತು. ಕಾಗದದ ಮೇಲೆ ಇಷ್ಟು ಇದೆ. ಆದ್ರೆ ಕಾಲೇಜಿಗೆ ಕಾಲಿಡೋ ಹುಡುಗನಿಗೆ 'ರ‍್ಯಾಗಿಂಗ್' ಅಂತ ದೂರು ಕೊಡೋಕೆ ಒಂದು ಪದ ಇದೆ. ಐದನೇ ಕ್ಲಾಸಿನ ಮಗುವಿಗೆ 'ರೇಗಿಸ್ತಾರೆ' ಅನ್ನೋದು ಬಿಟ್ರೆ ಬೇರೆ ಪದ ಇಲ್ಲ. ಆ ಪದ ಕೇಳಿ ಯಾವ ಹೆಡ್‌ಮಾಸ್ಟರೂ ಕುರ್ಚಿಯಿಂದ ಏಳಲ್ಲ.

ಅದಕ್ಕೇ ನಾನು ಹೈನೆಮನ್ ಕಥೆ ಹೇಳಿದ್ದು. ಮೊದಲು ಹೆಸರು ಬಂತು, ಆಮೇಲೆ ಲೆಕ್ಕ, ಆಮೇಲೆ ಸುತ್ತ ನಿಂತವರ ಕಡೆ ಗಮನ. ಈ ಮೂರೂ ಆದ ಕಡೆ ಮಕ್ಕಳ ಓದು ಚಿಗುರಿದೆ. ನಮ್ಮ ಮನೆಗಳಲ್ಲಿ ಹೆಸರಿನ ಹಂತವೇ ಇನ್ನೂ ಬಾಕಿ. ತಮ್ಮನೋ ತಂಗಿಯೋ "ರೇಗಿಸ್ತಾರೆ" ಅಂದಾಗ ಮೂರು ಪ್ರಶ್ನೆ ಕೇಳಿ ನೋಡಿ. ದಿನಾ ಮಾಡ್ತಾರಾ? ನಿನಗೆ ನೋವಾಗಲಿ ಅಂತಲೇ ಮಾಡ್ತಾರಾ? ನೀನು ತಿರುಗಿ ಹೇಳೋಕೆ ಆಗುತ್ತಾ? ಉತ್ತರ ಕೇಳಿದ್ರೆ ಅದು ರೇಗಿಸೋದೋ ಅಲ್ವೋ ಗೊತ್ತಾಗುತ್ತೆ. ಕ್ಲಾಸಲ್ಲಿ ಇತ್ತೀಚೆಗೆ ಯಾವಾಗ ಕೈ ಎತ್ತಿದೆ ಅಂತಲೂ ಕೇಳಿ. ಮಾರ್ಕ್ಸ್ ಕಾರ್ಡ್ ಬರೋದು ಪರೀಕ್ಷೆ ಆದ ಮೇಲೆ, ಆ ಉತ್ತರ ಅದಕ್ಕೂ ಮೊದಲೇ ಸಿಗುತ್ತೆ.

ಇನ್ನು ಗ್ರೂಪ್‌ನಲ್ಲಿ ಯಾರದ್ದಾದ್ರೂ ಫೋಟೋ ಸ್ಟಿಕ್ಕರ್ ಬಂದಾಗ, ಫಾರ್ವರ್ಡ್ ಮಾಡೋದು, ನಗುವ ಎಮೋಜಿ ಹಾಕೋದು, ಸುಮ್ಮನಿರೋದು, "ಸಾಕು ಬಿಡ್ರಪ್ಪ" ಅಂತ ಬರೆಯೋದು, ಇವೆಲ್ಲ ಸಾಲ್ಮಿವಲ್ಲಿ ಹೇಳಿದ ಪಾತ್ರಗಳೇ. ಎಲ್ಲರೆದುರು ಬರೆಯೋಕೆ ಧೈರ್ಯ ಸಾಲದಿದ್ರೆ, ನೊಂದವರಿಗೆ ಬೇರೆಯಾಗಿ ಒಂದು ಮೆಸೇಜ್ ಹಾಕಿ, ನಾಳೆಯ ಹೋಮ್‌ವರ್ಕ್ ಕಳಿಸಿ. ಅದೂ ಪಕ್ಕದಲ್ಲಿ ನಿಂತ ಹಾಗೇ.

ಈಗ ಇದನ್ನ ಕೇಳ್ತಿರೋ ನಿಮಗೇ ಇಂಥದ್ದು ನಡೀತಿದ್ರೆ, ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಡಿಲೀಟ್ ಮಾಡಬೇಡಿ. ನಂಬೋ ಒಬ್ಬ ದೊಡ್ಡವರಿಗೆ ತೋರಿಸಿ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930, ಮನಸ್ಸಿಗೆ ಭಾರ ಆದಾಗ ಮಾತಾಡೋಕೆ ಟೆಲಿ ಮಾನಸ್ 14416. ಮೂರನ್ನೂ ಫೋನಿನಲ್ಲಿ ಸೇವ್ ಮಾಡಿ ಇಟ್ಕೊಳ್ಳಿ, ನಿಮಗೆ ಬೇಡದಿದ್ರೂ ಪಕ್ಕದವರಿಗೆ ಬೇಕಾಗಬಹುದು.

ನಿಮ್ಮ ಊರ ಕಡೆ ಇದಕ್ಕೆ ಬೇರೆ ಯಾವುದಾದ್ರೂ ಪದ ಇದ್ಯಾ? ಧಾರವಾಡ, ಕಲಬುರಗಿ, ಕುಂದಾಪುರ, ಚಾಮರಾಜನಗರ, ಎಲ್ಲಿಯದಾದ್ರೂ ಸರಿ, ವಾಯ್ಸ್ ನೋಟ್ ಮಾಡಿ ಕಳಿಸಿ. ಒಂದು ಒಳ್ಳೇ ಕನ್ನಡ ಪದ ನಮಗೆ ಬೇಕಾಗಿದೆ.